ಎರವಲು ತೀರ್ಮಾನ

ಕಿವಿಯ ಹಿಂದೆ ಹುಣಿಸೆ ಬೀಜದಷ್ಟಿದ್ದ ಯಂತ್ರ ಹಸಿರಾಗಿ ಮಿನುಗಿತು. ಒಲೆಯ ಮುಂದೆ ಸುಮ್ಮನೆ ನಿಂತಿದ್ದ ದಯಾನಂದ ಬೇಳೆ ತೊಳೆದ, ನೀರು ಹಾಕಿದ, ಕುಕ್ಕರಿನ ಮುಚ್ಚಳ ಬಿಗಿದ. ವರ್ಷದ ಹಿಂದೆ ಇದೇ ಮನುಷ್ಯ ಕುಕ್ಕರನ್ನು ಯಾಕೆ ಇಟ್ಟೆನೆಂಬುದನ್ನೇ ಮರೆತು, ಅದು ಸುಟ್ಟು ಕರಕಲಾಗುವುದನ್ನು ನೋಡುತ್ತ ಕೂತಿದ್ದ.

ಮೂವತ್ತು ವರ್ಷದ ಕುಡಿತದ ಫಲ ಅದು. ಕುಡಿತ ಬಿಟ್ಟ ಮೇಲೂ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಖಾಲಿ ಜಾಗಕ್ಕೆ ತಾನೇ ಕತೆ ಕಟ್ಟಿ, ತಾನೇ ನಂಬುತ್ತಿದ್ದ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೆಂದು ತೀರ್ಮಾನಿಸುವ, ಹಣೆಯ ಹಿಂದಿನ ಮಿದುಳೂ ಸೊರಗಿತ್ತು. ತುಮಕೂರಿನ ಡಾಕ್ಟರ್ ಮುಬೀನಾ ಕಂಡುಹಿಡಿದ ‘ಕಡಿವಾಣ’ ಎಂಬ ಈ ಯಂತ್ರ ಆ ಕೆಲಸ ವಹಿಸಿಕೊಂಡಿತು. ಆದರೆ ಯಂತ್ರಕ್ಕೂ ತೀರ್ಮಾನಿಸುವುದನ್ನು ಯಾರಾದರೂ ಕಲಿಸಬೇಕಲ್ಲ? ಹೆಂಡತಿ ಶಶಿಕಲಾ ತಿಂಗಳುಗಟ್ಟಲೆ ತಲೆಗೆ ಮಿದುಳಿನ ಚಟುವಟಿಕೆ ದಾಖಲಿಸುವ ಪಟ್ಟಿ ಕಟ್ಟಿಕೊಂಡು ಓಡಾಡಿದಳು. ಅವಳು ಆರಿಸಿದ್ದು, ಬಿಟ್ಟದ್ದು, ನುಂಗಿಕೊಂಡದ್ದು ಎಲ್ಲವನ್ನೂ ಅದು ಕಲಿಯಿತು.

ಬಾರಿನ ಮುಂದೆ ಅವನು ತಲೆಯೆತ್ತದೆ ನಡೆದು ಬಂದ ದಿನ ಅವಳು ಖುಷಿಗೆ ಅತ್ತಿದ್ದಳು. ಬರಬರುತ್ತ ಒಂಥರಾ ಆಗತೊಡಗಿತು.

“ಸಾಯಂಕಾಲಕ್ಕೆ ಏನ್ ಮಾಡ್ಲಿ ರೀ?”

“ಉಪ್ಪಿಟ್ಟು ಮಾಡು. ಈರುಳ್ಳಿ ಕಮ್ಮಿ ಹಾಕು.”

ಅವಳು ಅಂದುಕೊಂಡಿದ್ದೂ ಅದನ್ನೇ. ದಯಾನಂದನಿಗೋ, ಉಪ್ಪಿಟ್ಟು ಕಂಡರೆ ಮೊದಲಿಂದಲೂ ಆಗದು. ತನ್ನ ತಂಗಿಯ ಮೇಲೆ ಅವಳು ಹೊರಗೆ ತೋರಿಸದ ಸಿಟ್ಟು ಒಂದು ದಿನ ಅವನ ಮುಖದಲ್ಲಿ ಕಂಡಿತು. ಮೊದಲು ಜಗಳವಾಡುವ ಗಂಡನಾದರೂ ಎದುರಿಗೊಬ್ಬ ಇದ್ದ. ಈಗ ಮನೆ ತುಂಬ ತಾನೊಬ್ಬಳೇ ಓಡಾಡುತ್ತಿರುವಂತೆ ಅವಳಿಗೆ ಹೆದರಿಕೆಯಾಗುತ್ತಿತ್ತು.

ವರ್ಷ ತುಂಬಿದಾಗ, ಯಂತ್ರ ಮುಂದುವರಿಸಲು ಕಾನೂನಿನ ಪ್ರಕಾರ ರೋಗಿಯ ಒಪ್ಪಿಗೆ ಬೇಕಿತ್ತು; ಅವನಿಗೆ ಹೇಳಲಾಗದಿದ್ದರೆ ಮನೆಯವರದು.

“ದಯಾನಂದ ಅವ್ರೇ, ಇದನ್ನ ಕಾಯಂ ಮಾಡೋಣ್ವಾ, ತೆಗೆದುಬಿಡೋಣ್ವಾ?” ಎಂದರು ಡಾಕ್ಟರ್. “ತೆಗೆದ್ರೆ ಆರೈಕೆ ಕೇಂದ್ರದಲ್ಲಿ ಇರ್ಬೇಕಾಗುತ್ತೆ.”

“ತೆಗೆದುಬಿಡಿ,” ಎಂದ ಅವನು, ತಡಮಾಡದೆ. “ಅಲ್ಲೇ ಸೇರಿಸಿ. ನನ್ನ ನೋಡ್ಕೊಂಡು ಇವಳಿಗೆ ಸಾಕಾಗಿದೆ. ಬಾಯ್ಬಿಟ್ಟು ಹೇಳಿಲ್ಲ ಅಷ್ಟೆ.”

ಈ ಮಾತನ್ನು ಶಶಿಕಲಾ ತನ್ನೊಳಗೂ ಹೇಳಿಕೊಂಡಿರಲಿಲ್ಲ.

“ಬರ್ಕೋಬೇಡಿ ಡಾಕ್ಟ್ರೇ. ಅದು ಅವ್ರ ಮಾತಲ್ಲ.”

“ಮತ್ತೆ ಯಾರದು?”

“ನಂದು.”

ಡಾಕ್ಟರ್ ಯಂತ್ರ ನಿಲ್ಲಿಸಿ ಅವನಿಗೆ ಅದೇ ಪ್ರಶ್ನೆ ಕೇಳಿದರು. ದಯಾನಂದ ಮರ್ಯಾದೆಯಿಂದ ನಕ್ಕ.

“ಮೈಸೂರಿಂದ ಈಗ ತಾನೆ ಬಂದೆ ಡಾಕ್ಟ್ರೇ. ಬಸ್ಸು ಲೇಟು. ಏನ್ ಕೇಳಿದ್ರಿ?”

ಅವನು ಮೈಸೂರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಮತ್ತೆ ಕೇಳಿದರು. ಮತ್ತೆ ಅದೇ ನಗು, ಅದೇ ಬಸ್ಸು.

“ಯಂತ್ರ ಮತ್ತೆ ಹಾಕಿಬಿಡಿ,” ಎಂದಳು ಶಶಿಕಲಾ. “ಮನೆಗೆ ಕರ್ಕೊಂಡು ಹೋಗ್ತೀನಿ. ಆದ್ರೆ ಇವ್ರು ಒಪ್ಪಿದ್ರು ಅಂತ ಬರೀಬೇಡಿ. ನಾನು ಹೇಳ್ದೆ ಅಂತ ಬರೀರಿ.”

ಡಾಕ್ಟರ್ ಬರೆಯುತ್ತಿದ್ದಾಗ ಅವಳಿಗೆ ಮೂವತ್ತು ವರ್ಷಕ್ಕೂ ಹಿಂದಿನ, 2026ರ ಒಂದು ಸಂಜೆ ನೆನಪಾಯಿತು. ಸ್ನೇಹಿತನ ಮದುವೆ, ಮಹಡಿ ಮೇಲೆ ಪಾರ್ಟಿ. ದಯಾನಂದ ಮೂರನೇ ಗ್ಲಾಸನ್ನು ಕೈಯಲ್ಲಿ ಹಿಡಿದು, ಕುಡಿಯಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದ್ದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿ ನಕ್ಕಿದ್ದರು. ನಿನಗೇನು ಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಉತ್ತರ ಹೇಳಲು ಆ ಸಂಜೆ ಅವನು ಅಲ್ಲೇ ಇದ್ದ.