ಭುಜದ ಹಿಂದೆ ಒಂದಂಗೈ

ಬೆಳಗ್ಗೆ ಆರಕ್ಕೆ ಫೋನು ಬಂದರೆ ಬುರ್ಗಾಳ ಮನೆಯಲ್ಲಿ ಮೊದಲು ಎದ್ದು ನಿಲ್ಲುವುದು ನಾಯಿ. ಯಾರೋ ಬೇಟೆಗಾರ ಹಿಂದಿನ ಸಂಜೆ ಗುಂಡು ಹಾರಿಸಿದ್ದಾನೆ, ಜಿಂಕೆ ಬೀಳದೆ ಓಡಿದೆ ಎಂದೇ ಅದರ ಅರ್ಥ. ಅಂಥ ಗಾಯದ ಜಿಂಕೆಯ ಜಾಡು ಹಿಡಿದು, ಸತ್ತಿದ್ದರೆ ಹುಡುಕಿ ಕೊಡುವುದು, ಬದುಕಿದ್ದರೆ ಅದರ ನರಳಾಟ ಮುಗಿಸುವುದು ಬುರ್ಗಾ ಮತ್ತು ಅವಳ ಬೇಟೆನಾಯಿ ಬಿರ್ಕಾಳ ಕೆಲಸ. ಹಿಮಬೆಟ್ಟಗಳ ನಾಡು ಟಿರೋಲಿನ ಆ ಕಣಿವೆಯಲ್ಲಿ ಏಳು ವರ್ಷದಿಂದ ಇಬ್ಬರೂ ಇದನ್ನೇ ಮಾಡಿಕೊಂಡು ಬಂದಿದ್ದರು.

ಆದರೆ ಆ ನವೆಂಬರ್ ಬೆಳಗ್ಗೆ ಫೋನಿನಲ್ಲಿ ಕೇಳಿಸಿದ್ದು ಅವಳ ದೊಡ್ಡಪ್ಪ ಕಾಸಿಯಾನನ ದನಿ. ಬುರ್ಗಾ ಹಾಸಿಗೆಯಲ್ಲಿ ಎದ್ದು ಕೂತಳು. ಅರವತ್ತೆಂಟರ ಕಾಸಿಯಾನ್ ಎಂದರೆ ಸುತ್ತಲಿನ ಊರುಗಳಿಗೆಲ್ಲ ಬೇಟೆಯ ಗುರು. ಬೇಟೆ ಪರವಾನಗಿಯ ಪರೀಕ್ಷೆಗೆ ಕೂರುವ ಹೊಸಬರಿಗೆ ಪಾಠ ಹೇಳುವವನು ಅವನು, ಬುರ್ಗಾಳಿಗೆ ಕೋವಿ ಹಿಡಿಯಲು ಕಲಿಸಿದವನೂ ಅವನೇ. ನಲವತ್ತು ವರ್ಷದಲ್ಲಿ ತನ್ನ ಒಂದು ಗುಂಡೂ ಹುಸಿ ಹೋಗಿಲ್ಲವೆಂದು ಹೇಳಿಕೊಳ್ಳುತ್ತಿದ್ದ. ಊರೂ ಅದನ್ನು ನಂಬಿತ್ತು, ಪಾಪ.

ಹತ್ತು ಕವಲಿನ ಕೊಂಬಿನ ಗಂಡು ಜಿಂಕೆ, ಕಡವೆಯ ಗಾತ್ರದ್ದು, ಭುಜದ ಹಿಂದೆ ಸರಿಯಾಗಿ ಹೊಡೆದೆ, ಎಡಕ್ಕೆ ಇಳಿದು ಕೊರಕಲು ಸೇರಿತು ಎಂದ ಕಾಸಿಯಾನ್. ತಪ್ಪೆಲ್ಲ ಆ ಹಾಳು ತಾಮ್ರದ ಗುಂಡಿನದು ಎಂದೂ ಸೇರಿಸಿದ. ಬೇಟೆಗಾರರು ಬಿಟ್ಟುಹೋದ ಕರುಳಿನ ಜೊತೆ ಹದ್ದುಗಳು ಸೀಸದ ಚೂರು ತಿಂದು ಸಾಯುತ್ತವೆಂದು ಬೇಟೆಗಾರರ ಸಂಘ ಆ ವರ್ಷದಿಂದ ಸೀಸದ ಗುಂಡು ನಿಲ್ಲಿಸಿ ತಾಮ್ರದ್ದನ್ನೇ ಬಳಸಲು ಹೇಳಿತ್ತು. ಸಭೆಯಲ್ಲಿ ಮೇಜು ಗುದ್ದಿ ಎದ್ದುಹೋದವನು ಕಾಸಿಯಾನ್ ಒಬ್ಬನೇ.

ಎಂಟು ಗಂಟೆಗೆ ಮೂವರೂ ಲಾರ್ಚ್ ಮರಗಳ ನಡುವಿನ ಬಯಲಿನಲ್ಲಿ ಸೇರಿದರು. ಮೂರನೆಯವನು ವಿಗಿಲ್, ಕಾಸಿಯಾನನ ಅಳಿಯ, ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವ ದಳದವನು. ಎರಡು ಹಗ್ಗದ ಸುರುಳಿ ಹೆಗಲಿಗೇರಿಸಿ ಬಂದಿದ್ದ. ಪಡುವಣದ ಶಿಖರಗಳ ಮೇಲೆ ಬೂದಿ ಬಣ್ಣದ ಮೋಡ ಕೂತಿತ್ತು. ಮಧ್ಯಾಹ್ನದ ಮೇಲೆ ಹಿಮ ಎಂದು ರೇಡಿಯೊ ಹೇಳಿತ್ತು. ಹಿಮ ಬಿತ್ತೆಂದರೆ ರಕ್ತವೂ ಮುಚ್ಚುತ್ತದೆ, ವಾಸನೆಯೂ ಮುಚ್ಚುತ್ತದೆ. ಏನು ಮಾಡಿದರೂ ಅಷ್ಟರೊಳಗೆ ಜಿಂಕೆ ಸಿಗಬೇಕಿತ್ತು.

ಜಿಂಕೆಗೆ ಗುಂಡು ಬಿದ್ದ ಜಾಗದಲ್ಲಿ ಹುಲ್ಲೆಲ್ಲ ಬೂಟಿನ ಹೆಜ್ಜೆ. ನಿನ್ನೆ ಸಂಜೆ ಕಾಸಿಯಾನ್ ಟಾರ್ಚು ಹಿಡಿದು ಒಂದು ಗಂಟೆ ತುಳಿದಾಡಿದ್ದ. ಗುಂಡು ಬಿದ್ದ ಜಾಗಕ್ಕೆ ಕಾಲಿಡಬೇಡಿ, ಗುರುತು ಅಳಿಯುತ್ತದೆ ಎಂದು ಹೊಸಬರ ಕಿವಿ ಹಿಂಡುವವನೇ ಹೀಗೆ ಮಾಡಿದ್ದು ಕಂಡು ಬುರ್ಗಾಳಿಗೆ ರೇಗಿತು. ಆದರೆ ದೊಡ್ಡಪ್ಪನಿಗೆ ಎದುರಾಡಿ ಅಭ್ಯಾಸವಿಲ್ಲದವಳು, ನಾಯಿಗೆ ಹಗ್ಗ ಕಟ್ಟಲು ಬಾಗಿದಳು.

ಉದ್ದನೆಯ ಚರ್ಮದ ಹಗ್ಗ ಕಟ್ಟಿಸಿಕೊಂಡ ಬಿರ್ಕಾ ಮೂಗು ನೆಲಕ್ಕಿಟ್ಟಿತು. ಒಂದು ಸುತ್ತು ಬಂತು. ಆಮೇಲೆ ಬಲಕ್ಕೆ, ಮೇಲಿನ ದಿಣ್ಣೆಯತ್ತ ಎಳೆಯಿತು.

"ಆ ಕಡೆ ಅಲ್ಲ," ಎಂದ ಕಾಸಿಯಾನ್. "ನನ್ನ ಕಣ್ಣಾರೆ ನೋಡಿದೀನಿ, ಎಡಕ್ಕೆ ಇಳೀತು. ಭುಜದ ಹಿಂದೆ ಗುಂಡು ಬಿದ್ದ ಜಿಂಕೆ ಗುಡ್ಡ ಹತ್ತೋದನ್ನ ಎಲ್ಲಾದರೂ ಕೇಳಿದೀಯಾ?"

ಕೇಳಿರಲಿಲ್ಲ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದ ಪ್ರಾಣಿ ನೂರು ಹೆಜ್ಜೆ ಇಳಿಜಾರಿನಲ್ಲಿ ಓಡಿ ಮಲಗುತ್ತದೆ. ಗುರು ಹೇಳಿದ ಮೇಲೆ ಮುಗಿಯಿತು. ಬುರ್ಗಾ ನಾಯಿಯನ್ನು ಎಳೆದು ಎಡಕ್ಕೆ ತಿರುಗಿಸಿದಳು. ಬಿರ್ಕಾ ಒಮ್ಮೆ ತಿರುಗಿ ಅವಳ ಮುಖ ನೋಡಿತು. ನಾಯಿಯ ಮೂಗಿಗಿಂತ ಮನುಷ್ಯನ ಮಾತು ನಂಬಿದವಳು ನಾಯಿ ಸಾಕಬಾರದು ಎಂದು ಬುರ್ಗಾ ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಎರಡೂವರೆ ಗಂಟೆ ಎಡಗಡೆಯ ಕೊರಕಲನ್ನು ಜಾಲಾಡಿದರು. ಪಾಚಿ ಕಟ್ಟಿದ ಬಂಡೆ, ಅಡ್ಡಬಿದ್ದ ಮರ, ಮೊಣಕಾಲು ಮಟ್ಟದ ಕೊಳೆತ ಎಲೆ. ಒಂದು ಹನಿ ರಕ್ತವಿಲ್ಲ, ಒಂದು ಗೊರಸಿನ ಗುರುತಿಲ್ಲ. ವಿಗಿಲ್ ಒಮ್ಮೆ ಜಾರಿ ಹತ್ತಡಿ ಹೋಗಿ ಬೇರು ಹಿಡಿದು ನಿಂತ. ಹತ್ತೂವರೆಗೆ ಮೋಡ ಅರ್ಧ ಆಕಾಶಕ್ಕೆ ಬಂದಿತ್ತು.

ಬುರ್ಗಾ ಯಾರನ್ನೂ ಕೇಳದೆ ಮೇಲೆ ಹತ್ತಿದಳು. ಗುಂಡು ಬಿದ್ದ ಜಾಗಕ್ಕೆ ಬಂದು ಮಂಡಿಯೂರಿ, ತುಳಿದ ಹುಲ್ಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದಳು. ಹತ್ತು ನಿಮಿಷಕ್ಕೆ ಒಂದಿಷ್ಟು ಗಿಡ್ಡ ಕೂದಲು ಸಿಕ್ಕಿತು. ಭುಜದ ಹಿಂದಿನ ಕೂದಲು ಅಷ್ಟು ಗಿಡ್ಡ ಇರುವುದಿಲ್ಲ. ಇನ್ನೊಂದು ಹತ್ತು ನಿಮಿಷಕ್ಕೆ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಒರೆಸಿ ನೋಡಿದಳು. ಹಲ್ಲಿನ ಚೂರು.

ಗುಂಡು ದವಡೆಗೆ ಬಿದ್ದಿತ್ತು. ದವಡೆ ಒಡೆದ ಜಿಂಕೆ ಬೇಗ ಸಾಯುವುದಿಲ್ಲ. ಕಾಲು ಗಟ್ಟಿ, ಶ್ವಾಸ ಗಟ್ಟಿ, ಮೈಲಿಗಟ್ಟಲೆ ನಡೆಯುತ್ತದೆ. ಮೇಯಲಾಗದೆ ಹತ್ತು ಹನ್ನೆರಡು ದಿನ ಹಸಿದು, ಮೇವಿನ ನಡುವೆಯೇ ನಿಂತು ಸಾಯುತ್ತದೆ. ಬೇಟೆಗಾರ ಮಾಡಬಹುದಾದ ಪಾಪಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಅಂಗೈಯಲ್ಲಿ ಆ ಚೂರು ಇಟ್ಟುಕೊಂಡು ಅವಳು ಹಿಂದೆಯೇ ಹತ್ತಿ ಬಂದಿದ್ದ ದೊಡ್ಡಪ್ಪನ ಮುಂದೆ ನಿಂತಳು.

"ಭುಜದಲ್ಲಿ ಹಲ್ಲು ಇರುತ್ತಾ ದೊಡ್ಡಪ್ಪ?"

ವಿಗಿಲ್ ಹಗ್ಗ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಕಾಸಿಯಾನನದು. ಮೊದಲು ಯಾವುದೋ ಹಳೆಯ ಹಲ್ಲಿರಬೇಕು ಎಂದ. ಆಮೇಲೆ ಬೆಳಕು ಕಡಿಮೆ ಇತ್ತು ಎಂದ. ಬುರ್ಗಾ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಅವನು ಕುಸಿದಂತೆ ಒಂದು ಕೊರಡಿನ ಮೇಲೆ ಕೂತ.

"ಆ ತಾಮ್ರದ ಮೇಲೆ ನಂಬಿಕೆ ಬರಲಿಲ್ಲ ಮಗಳೇ. ಹೊಲಿಗೆ ಸೂಜಿ ಥರ ಆಚೆ ಹೊರಟುಹೋಗುತ್ತೆ, ಜಿಂಕೆ ಓಡಿ ಕೊರಕಲಿಗೆ ಬೀಳುತ್ತೆ, ಅರ್ಧ ಮಾಂಸ ಹಾಳು ಅಂದ್ಕೊಂಡೆ. ನಿಂತಲ್ಲೇ ಬೀಳಲಿ ಅಂತ ಕಿವಿ ಕೆಳಗೆ ಗುರಿ ಇಟ್ಟೆ. ಕೋವಿ ಕುದುರೆ ಒತ್ತೋ ಹೊತ್ತಿಗೆ ತಲೆ ಎತ್ತಿಬಿಡ್ತು."

"ಎಡಕ್ಕೆ ಹೋಯ್ತು ಅಂದಿದ್ದು?"

"ಎಲ್ಲಿಗೆ ಹೋಯ್ತೋ ನೋಡಲಿಲ್ಲ."

ಬುರ್ಗಾಳಿಗೆ ಅಳು ಮತ್ತು ಸಿಟ್ಟು ಒಟ್ಟಿಗೇ ಬಂದವು. ಮೂರು ಗಂಟೆ ಹಾಳು ಮಾಡಿದೆಯಲ್ಲ ಎಂದು ಕೂಗಬೇಕೆನಿಸಿತು. ಕೂಗಿದರೆ ಇನ್ನೂ ಐದು ನಿಮಿಷ ಹಾಳು. ಬಿರ್ಕಾಳ ಹಗ್ಗ ಸಡಿಲ ಬಿಟ್ಟು, ಎಲ್ಲಿಗೆ ಬೇಕೋ ನಡಿಯೇ ತಾಯಿ ಎಂದಳು. ಬಿರ್ಕಾ ನೇರ ಬಲಕ್ಕೆ, ದಿಣ್ಣೆಗೆ ಹತ್ತಿತು. ಮನೆಗೆ ಹೋಗು ಎಂದು ವಿಗಿಲ್ ಮಾವನಿಗೆ ಮೆಲ್ಲನೆ ಹೇಳಿನೋಡಿದ. ಕಾಸಿಯಾನ್ ಕೇಳಿಸದವನಂತೆ ಕೋವಿ ಹೆಗಲಿಗೇರಿಸಿ ಅವರ ಹಿಂದೆ ಬಂದ.

ಲಾರ್ಚ್ ಕಾಡು ಮುಗಿದು ಕುಳ್ಳ ಪೈನ್ ಪೊದೆಗಳು ಬಂದವು. ಅದೂ ಮುಗಿದು ಬರೀ ಕಲ್ಲು. ಕೆಳಗೆ ಊರಿನ ಚರ್ಚಿನ ಗೋಪುರ ಬೆರಳುದ್ದ ಕಾಣುತ್ತಿತ್ತು, ಸ್ವಲ್ಪ ಹೊತ್ತಿಗೆ ಮಂಜು ಬಂದು ಅದನ್ನೂ ನುಂಗಿತು. ಆಚೆ ಬದಿಯ ಬೆಟ್ಟದ ಮೇಲೆ ಹಳದಿ ತಿರುಗಿದ ಮರಗಳ ಪಟ್ಟಿಯೊಂದು ಉಳಿದಿತ್ತು, ಅದರ ಮೇಲೆಲ್ಲ ಬಿಳಿ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಯಾರೂ ಕೂರಲಿಲ್ಲ. ವಿಗಿಲ್ ನಡೆಯುತ್ತಲೇ ಹೊಗೆ ಹಾಕಿದ ಹಂದಿಮಾಂಸ ಮತ್ತು ಗಟ್ಟಿ ರೊಟ್ಟಿ ಕೊಯ್ದು ಕೈಗೆ ಕೊಟ್ಟ. ಕಾಸಿಯಾನ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ, ತಿನ್ನಲಿಲ್ಲ.

ಒಂದು ಒರತೆಯ ಬಳಿ ಬಿರ್ಕಾ ನಿಂತಿತು. ಅಂಚಿನ ಹುಲ್ಲನ್ನು ಯಾರೋ ಕಿತ್ತು ಚೆಲ್ಲಿದಂತಿತ್ತು. ಬುರ್ಗಾ ಬಾಗಿ ನೋಡಿದಳು. ಹತ್ತಿಪ್ಪತ್ತು ಕಡೆ ಹುಲ್ಲಿನ ಗರಿ ಅರ್ಧ ಎಳೆದು ಬಿಟ್ಟಿತ್ತು, ಎಲ್ಲಕ್ಕೂ ಜೊಲ್ಲು ಬೆರೆತ ರಕ್ತ ಅಂಟಿತ್ತು. ಮೇಯಲು ನೋಡಿದೆ, ಆಗಿಲ್ಲ. ಮುಂದಿನ ಗರಿಕೆಗೆ ಹೋಗಿದೆ, ಅಲ್ಲೂ ಆಗಿಲ್ಲ.

ಕಾಸಿಯಾನ್ ಅದನ್ನು ನೋಡಿ ಟೋಪಿ ತೆಗೆದ. ಅವನ ಗಂಟಲಿನಿಂದ ಏನೋ ಸದ್ದು ಬಂತು. ಬುರ್ಗಾ ತಿರುಗಿ ನೋಡಲಿಲ್ಲ, ನೋಡಿದ್ದರೆ ಅವಳಿಗೂ ತಡೆಯಲಾಗುತ್ತಿರಲಿಲ್ಲ.

ಒಂದು ಗಂಟೆಗೆ ಮೊದಲ ಹಿಮ ಬಿತ್ತು.

ಬಿರ್ಕಾ ಈಗ ತಲೆ ಎತ್ತಿ ಎಳೆಯುತ್ತಿತ್ತು. ವಾಸನೆ ನೆಲದಲ್ಲಿಲ್ಲ, ಗಾಳಿಯಲ್ಲಿದೆ. ಅಂದರೆ ಜಿಂಕೆ ಹತ್ತಿರದಲ್ಲೇ ಇದೆ. ಬುರ್ಗಾ ಹಗ್ಗದ ಕೊಂಡಿ ಬಿಚ್ಚಿದಳು. ನಾಯಿ ಬಾಣದಂತೆ ಹೋಯಿತು. ಐದು ನಿಮಿಷ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಎಲ್ಲೋ ಆಳದಿಂದ ಬೊಗಳು ಕೇಳಿತು. ಒಂದೇ ಕಡೆಯಿಂದ, ಬಿಡದೆ.

"ತಡೆದು ನಿಲ್ಲಿಸಿದಾಳೆ," ಎಂದಳು ಬುರ್ಗಾ.

ಓಡಿ ಹೋಗಿ ನೋಡಿದರೆ ಕಡಿದಾದ ಕಮರಿ. ನಲವತ್ತು ಅಡಿ ಕೆಳಗೆ ತೊರೆ. ತೊರೆಯ ನಡುವೆ, ಹಿಂದೆ ಬಂಡೆಗೋಡೆ ಇಟ್ಟುಕೊಂಡು ಜಿಂಕೆ ನಿಂತಿತ್ತು. ಕೆಳದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಕೊಂಬು ತಗ್ಗಿಸಿ ನಾಯಿಯ ಮೇಲೆ ಹೋಗುತ್ತಿತ್ತು, ಬಿರ್ಕಾ ನೀರಿನಲ್ಲಿ ಹಿಂದಕ್ಕೆ ಹಾರುತ್ತಿತ್ತು. ಮೇಲಿನಿಂದ ಹೊಡೆಯಲು ಚಾಚಿದ ಬಂಡೆ ಅಡ್ಡ. ಕಾಯಲೂ ಆಗದು, ನಾಯಿಗೆ ಒಂದು ತಿವಿತ ಸಾಕಿತ್ತು.

ವಿಗಿಲ್ ಒಂದು ದೊಡ್ಡ ಬಂಡೆಗೆ ಹಗ್ಗ ಬಿಗಿದ. ಬುರ್ಗಾ ಕೋವಿ ಬೆನ್ನಿಗೆ ಹಾಕಿಕೊಂಡು ಇಳಿದಳು. ಮುಕ್ಕಾಲು ಇಳಿದಾಗ ಮೇಲಿನಿಂದ ಕಲ್ಲೊಂದು ಕಳಚಿತು. ಅವಳು ಮುಖ ತಪ್ಪಿಸಿಕೊಂಡಳು. ಕಲ್ಲು ಬಲ ಭುಜಕ್ಕೆ ಬಡಿಯಿತು.

ಕಣ್ಣು ಕತ್ತಲೆ ಬಂತು. ಕೈ ಜಾರಿತು, ಹಗ್ಗ ಹಿಡಿದು ನಿಲ್ಲಿಸಿದ್ದು ಮೇಲಿದ್ದ ವಿಗಿಲ್. ತೊರೆಯ ದಂಡೆಗೆ ಇಳಿದು ಕೋವಿ ಎತ್ತಲು ನೋಡಿದಳು. ತೋಳು ಸೊಂಟದಿಂದ ಮೇಲೆ ಬರಲಿಲ್ಲ.

ತಾನೂ ಇಳಿದರೆ ಮತ್ತೆ ಮೇಲೆಳೆಯಲು ಬಲವಿರುವವರು ಯಾರೂ ಇರುವುದಿಲ್ಲ ಎಂದು ವಿಗಿಲ್ ಕೂಗಿ ಹೇಳಿದ. ಅಷ್ಟರಲ್ಲಿ ಹಗ್ಗ ಮತ್ತೆ ಅಲುಗಿತು. ಅರವತ್ತೆಂಟರ ಮುದುಕ ತನ್ನ ಕೋವಿ ಮೇಲೆಯೇ ಬಿಟ್ಟು, ಬಂಡೆಗೆ ಮೈ ಉಜ್ಜಿಕೊಂಡು ಇಳಿದು ಬಂದ. ಬುರ್ಗಾ ತನ್ನ ಕೋವಿ ಅವನ ಕೈಗೆ ಕೊಟ್ಟಳು.

"ಯಾವ ತೋಟಾ?" ಎಂದ ಅವನು.

"ತಾಮ್ರದ್ದು. ಎರಡು ವರ್ಷದಿಂದ ಅದೇ ಹಾಕ್ತಿದೀನಿ."

ಕಾಸಿಯಾನ್ ಒಂದು ಬಂಡೆಗೆ ಎಡಗೈ ಊರಿ ಕೋವಿ ಇಟ್ಟ. ನಲವತ್ತು ಹೆಜ್ಜೆ ದೂರ. ಜಿಂಕೆ ಮುಖ ಇತ್ತ ತಿರುಗಿಸಿತ್ತು, ಆ ಒಡೆದ ಮುಖವೇ ಕೋವಿಯ ಮೇಲಿನ ದುರ್ಬೀನಿನ ತುಂಬ ಇತ್ತು. ಕೋವಿಯ ತುದಿ ಅದರ ತಲೆಯತ್ತಲೇ ಏರುತ್ತಿದ್ದುದು ಬುರ್ಗಾಳಿಗೆ ಕಂಡಿತು.

"ತಲೆ ನೋಡಬೇಡ," ಎಂದಳು ಅವನ ಕಿವಿಯ ಹತ್ತಿರ. "ಭುಜದ ಹಿಂದೆ ಒಂದಂಗೈ. ನೀನೇ ಹೇಳಿಕೊಟ್ಟಿದ್ದು. ಅದು ತಿರುಗಲಿ, ಕಾಯಿ."

ಕಾದರು. ಹಿಮ ದುರ್ಬೀನಿನ ಗಾಜಿನ ಮೇಲೆ ಬೀಳುತ್ತಿತ್ತು, ಬುರ್ಗಾ ಎಡಗೈಯ ಬೆರಳಿನಿಂದ ಒರೆಸಿದಳು. ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಬಿರ್ಕಾ ಅಡ್ಡ ಬಂತು. ಕಾಸಿಯಾನ್ ಬೆರಳು ಹಿಂದೆ ತೆಗೆದ. ಮತ್ತೆ ಕಾದರು. ಬಿರ್ಕಾಳ ಬೊಗಳು ಗೊಗ್ಗರಾಗುತ್ತಿತ್ತು. ಜಿಂಕೆ ಇನ್ನೊಮ್ಮೆ ಕೊಂಬು ಬೀಸಿತು, ನಾಯಿಯ ತೊಡೆಗೆ ತಗುಲಿ ಅದು ನೀರಿಗೆ ಬಿತ್ತು.  ಆದರೂ ಬುರ್ಗಾ ಹೊಡಿ ಎನ್ನಲಿಲ್ಲ.

ಬಿರ್ಕಾ ಎದ್ದು ಕುಂಟುತ್ತ ಎಡಕ್ಕೆ ಹೋಯಿತು. ಜಿಂಕೆ ಅದರ ಹಿಂದೆ ತಿರುಗಿತು. ಪಕ್ಕೆ ಪೂರ್ತಿ ಕಂಡಿತು.

ಗುಂಡಿನ ಸದ್ದು ಕಮರಿಯ ತುಂಬ ಉರುಳಿತು.

ಜಿಂಕೆ ನೆಗೆಯಿತು. ತೊರೆಯಲ್ಲಿ ಇಪ್ಪತ್ತು ಹೆಜ್ಜೆ ಓಡಿತು. ಆಮೇಲೆ ದಣಿದ ದನ ಮಲಗುವ ಹಾಗೆ ಮುಂಗಾಲು ಮಡಿಚಿ ದಂಡೆಯ ಮೇಲೆ ಒರಗಿತು. ಅವರು ಹತ್ತಿರ ಹೋಗುವ ಹೊತ್ತಿಗೆ ಕಣ್ಣು ನಿಂತಿತ್ತು. ಭುಜದ ಹಿಂದೆ, ಒಂದಂಗೈ ದೂರದಲ್ಲಿ, ಗುಂಡಿನ ತೂತು ಇತ್ತು.

ಬಿರ್ಕಾಳ ತೊಡೆಯ ಚರ್ಮ ಹರಿದಿತ್ತು, ಎಲುಬಿಗೆ ಏನೂ ಆಗಿರಲಿಲ್ಲ. ಬುರ್ಗಾ ಒಂದೇ ಕೈಯಲ್ಲಿ ಅದನ್ನು ತಬ್ಬಿಕೊಂಡು, ಹಲ್ಲಿನಲ್ಲಿ ಕರವಸ್ತ್ರ ಹರಿದು ಕಟ್ಟಿದಳು. ಆಗ ಅವಳಿಗೆ ಅಳು ಬಂತು, ಬರಲಿ ಎಂದು ಬಿಟ್ಟಳು.

ಬಿದ್ದ ಗಂಡು ಜಿಂಕೆಯ ಬಾಯಲ್ಲಿ ಒಂದು ಹಸಿರು ಕುಡಿ ಇಡುವುದು ಆ ಬೆಟ್ಟದ ಬೇಟೆಗಾರರ ರೂಢಿ. ಅದಕ್ಕೆ ಕೊನೆಯ ತುತ್ತು ಎನ್ನುತ್ತಾರೆ. ಕಾಸಿಯಾನ್ ದಂಡೆಯ ಕುಳ್ಳ ಪೈನ್ ಪೊದೆಯ ಕುಡಿಯೊಂದನ್ನು ಮುರಿದು ತಂದು ಮಂಡಿಯೂರಿದ. ಇಟ್ಟ. ಜಾರಿ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಕಚ್ಚಿ ಹಿಡಿಯಲು ಅಲ್ಲಿ ದವಡೆಯೇ ಇರಲಿಲ್ಲ. ಕೊನೆಗೆ ಎರಡೂ ಅಂಗೈಯಲ್ಲಿ ಆ ಮುರಿದ ದವಡೆಯನ್ನು ಎತ್ತಿ ಮುಚ್ಚಿ, ಕುಡಿಯ ಸಮೇತ ಹಿಡಿದುಕೊಂಡು ಕೂತ. ಹಿಮ ಅವನ ಬರಿತಲೆಯ ಮೇಲೆ ಬೀಳುತ್ತಿತ್ತು. ವಿಗಿಲ್ ಮೇಲಿನಿಂದ ಎರಡು ಸಲ ಕರೆದ. ಬುರ್ಗಾ ಕೈಸನ್ನೆ ಮಾಡಿ ತಡೆದಳು.

ಮೇಲಕ್ಕೆ ಬರಲು ಎರಡು ಗಂಟೆ ಬೇಕಾಯಿತು. ಮೊದಲು ನಾಯಿಯನ್ನು ಚೀಲದಲ್ಲಿ ಕೂರಿಸಿ ಎಳೆದರು, ಆಮೇಲೆ ಬುರ್ಗಾ, ಆಮೇಲೆ ಕಾಸಿಯಾನ್. ವಿಗಿಲ್ ಫೋನಿನಲ್ಲಿ ದಳದ ಇಬ್ಬರನ್ನು ಕರೆಸಿದ, ಅವರು ಬಂದ ಮೇಲೆ ಜಿಂಕೆಯನ್ನೂ ಹಗ್ಗದಲ್ಲಿ ಮೇಲೆತ್ತಿದರು. ಬಂದವರಲ್ಲಿ ಒಬ್ಬ ಕೊಂಬು ನೋಡಿ ಹುಬ್ಬೇರಿಸಿ, ಗುರುಗಳದ್ದು ಒಂದೇ ಗುಂಡು ಅಲ್ವಾ ಎಂದ.

ಬುರ್ಗಾ ಬೂಟಿನ ದಾರ ನೋಡತೊಡಗಿದಳು. 

"ಎರಡು," ಎಂದ ಕಾಸಿಯಾನ್. "ಮೊದಲನೇದು ದವಡೆಗೆ. ತಲೆಗೆ ಗುರಿ ಇಟ್ಟಿದ್ದೆ. ಇವಳಿಗೆ ಭುಜಕ್ಕೆ ಹೊಡೆದೆ ಅಂತ ಸುಳ್ಳು ಹೇಳಿದೆ."

 ಕೇಳಿದವನು ಹಗ್ಗದ ಗಂಟು ಬಿಗಿಮಾಡಿದ.

ಇಳಿಯುವ ದಾರಿಯಲ್ಲಿ ಹಿಮ ಕಣಕಾಲು ಮುಟ್ಟುತ್ತಿತ್ತು. ಬೆಳಗ್ಗೆ ಬಂದ ಹೆಜ್ಜೆಗಳೆಲ್ಲ ಮುಚ್ಚಿಹೋಗಿದ್ದವು. ವಿಗಿಲನ ಬೆನ್ನಚೀಲದಿಂದ ಬಿರ್ಕಾ ತಲೆ ಹೊರಹಾಕಿ ಕೂತಿತ್ತು. ಕಾಸಿಯಾನ್ ಹಿಂದೆ ಉಳಿದ. ಬುರ್ಗಾ ನಿಂತು ಕಾದಳು.

"ಸೋಮವಾರ ಹೊಸಬರಿಗೆ ಪಾಠ ಇದೆ," ಎಂದ ಅವನು. "ಎಲ್ಲಿ ಹೊಡೀಬೇಕು ಅನ್ನೋದೇ ಪಾಠ. ಯಾವ ಮುಖ ಇಟ್ಕೊಂಡು ಹೇಳಲಿ? ನೀನೇ ಹೋಗಿ ಹೇಳು."

ನೋಯುವ ತೋಳನ್ನು ಎದೆಗೆ ಒತ್ತಿಕೊಂಡು ಬುರ್ಗಾ ಅವನನ್ನು ನೋಡಿದಳು. ಬೆಳಗ್ಗಿನ ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ.

"ಇದೇ ಮುಖ ಇಟ್ಕೊಂಡು ಹೇಳು ದೊಡ್ಡಪ್ಪ," ಎಂದಳು. "ಆ ಹುಲ್ಲಿನ ವಿಷಯ ಹೇಳು. ನಾನೂ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ."

ಅವನು ಆಗಲಿ ಎಂಬಂತೆ ತಲೆಯಾಡಿಸಿದ. ಜೇಬಿನಿಂದ ವಿಗಿಲ್ ಕೊಟ್ಟಿದ್ದ ರೊಟ್ಟಿ ತೆಗೆದು ಮುರಿದು, ಅರ್ಧ ಅವಳಿಗೆ ಕೊಟ್ಟು, ಇನ್ನರ್ಧವನ್ನು ನಿಧಾನವಾಗಿ ಅಗಿಯುತ್ತ ನಡೆದ.