ಒಳಪದರ

"ನಿಮ್ಮ ಹೆಂಡ್ತಿ ಕಾಲು ಉಳೀತಲ್ಲ, ಅದೇ ಪುಣ್ಯ" ಎಂದರು ವಕೀಲರು, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ. "ಹೋಗಿದ್ರೆ ಪರಿಹಾರದ ಮಾತೇ ಬೇರೆ ಇತ್ತು ಅನ್ನಿ. ಈಗ ಲಾರಿ ಕಂಪನಿಯವರು ಆಸ್ಪತ್ರೆ ಖರ್ಚು, ನಾಲ್ಕು ತಿಂಗಳ ಹೊಲಿಗೆ ಸಂಪಾದನೆ, ನೋವಿಗೆ ಅಂತ ಒಂದಿಷ್ಟು ಕೊಟ್ಟು ಕೈ ತೊಳ್ಕೋತಾರೆ. ಮಂಡಿ ಕೆಳಗೆ ತೆಗೆದಿದ್ರೆ ಇದರ ಹದಿನೈದು ಪಟ್ಟು. ಆದ್ರೆ ಯಾರಿಗೆ ಬೇಕು ಅಂಥಾ ದುಡ್ಡು, ಅಲ್ವಾ?"

"ಯಾರಿಗೆ ಬೇಕು" ಎಂದ ಅವನೂ. ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ, ತನಗೆ ಬೇಕು ಎಂಬುದು ಅವನಿಗೆ ಖಚಿತವಾಗಿತ್ತು.

ಆ ಯೋಚನೆಗೆ ಅವನು ಬೆಚ್ಚಲಿಲ್ಲ. ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಕಂಡವರ ಗಾಯ ತೊಳೆದವನು. ಕೊಯ್ಯುವವರು ಡಾಕ್ಟರು, ವಾಸಿ ಮಾಡುವವನು ತಾನು. ಆದರೆ ಕೈಮುಗಿತ, ಉಡುಗೊರೆ, ಗೋಡೆಯ ಮೇಲಿನ ಫೋಟೋ ಎಲ್ಲ ಡಾಕ್ಟರಿಗೇ. ಅವನ ಪಾಲಿಗೆ ಬಂದದ್ದು 'ಮೇಷ್ಟ್ರು' ಎಂಬ ಅಡ್ಡಹೆಸರು. ಹೊಸ ನರ್ಸುಗಳಿಗೆ ಬ್ಯಾಂಡೇಜು ಕಟ್ಟುವುದನ್ನೂ ಬಿಚ್ಚುವುದನ್ನೂ ಅವನೇ ಕಲಿಸುತ್ತಿದ್ದ. "ಕಣ್ಣು ಮೊದಲು, ಕತ್ತರಿ ಆಮೇಲೆ" ಎಂದು ಬೆರಳ ಗೆಣ್ಣಿಗೆ ಹೊಡೆದು ಕಲಿಸುತ್ತಿದ್ದ. ಆಸ್ಪತ್ರೆಯ ಗೇಟಿನೆದುರು ಒಂದು ಮಳಿಗೆ ಮಾರಾಟಕ್ಕಿತ್ತು. ಮುಂದೆ ಔಷಧದಂಗಡಿ, ಹಿಂದೆ ಪರದೆ ಎಳೆದ ಡ್ರೆಸ್ಸಿಂಗ್ ಕೋಣೆ, ತನಗೊಂದು ತಿರುಗುವ ಕುರ್ಚಿ: ಇಷ್ಟನ್ನು ಅವನು ಐದು ವರ್ಷದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ.

ಅಪಘಾತದಲ್ಲಿ ಅವನ ಕೈವಾಡವೇನೂ ಇರಲಿಲ್ಲ. ಸೋಡಾ ಬಾಟಲಿ ತುಂಬಿದ ಲಾರಿ ಕಿರಿದಾದ ಬೀದಿಯಲ್ಲಿ ಹಿಂದೆ ಸರಿಯುತ್ತಿತ್ತು. ಚಾಲಕ ಕನ್ನಡಿ ನೋಡಲಿಲ್ಲ. ಹೊಲಿದ ಬಟ್ಟೆಗಳ ಗಂಟು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದ ಅವನ ಹೆಂಡತಿಯ ಎಡಪಾದದ ಮೇಲೆ ಹಿಂದಿನ ಚಕ್ರ ಹತ್ತಿ ಇಳಿಯಿತು. ತಪ್ಪು ತಮ್ಮದೇ ಎಂದು ಕಂಪನಿ ಒಪ್ಪಿತ್ತು. ಎರಡು ಆಪರೇಷನ್ ಆಗಿ ಮೂಳೆ ಕೂಡುತ್ತಿತ್ತು. ಪಾದದ ಮೇಲೆ ಅಂಗೈಯಗಲದ ಗಾಯ ಉಳಿದಿತ್ತು. ನರಕ್ಕೆ ಏಟಾಗಿದ್ದರಿಂದ ಅಲ್ಲಿ ಸ್ಪರ್ಶ ತಿಳಿಯುತ್ತಿರಲಿಲ್ಲ. "ಮನೇಲೇ ಮೇಷ್ಟ್ರಿದಾರಲ್ಲ, ಹಾಸಿಗೆ ಯಾಕೆ ಸುಮ್ನೆ ಹಿಡಿಬೇಕು?" ಎಂದು ಡಾಕ್ಟರು ಅವಳನ್ನು ಮನೆಗೆ ಕಳಿಸಿದ್ದರು.

ನರವಿಲ್ಲದ ಗಾಯ, ನಂಬುವ ಹೆಂಡತಿ, ದಿನಾ ಬ್ಯಾಂಡೇಜು ಕಟ್ಟಲು ತಾನೇ. ಇಷ್ಟು ಅನುಕೂಲ ಒಟ್ಟಿಗೆ ಕೂಡಿಬಂದದ್ದು ಅವನ ಬದುಕಿನಲ್ಲಿ ಇದೇ ಮೊದಲು.

ಅವಳ ಬಗ್ಗೆ ಅವನಿಗೆ ಸಿಟ್ಟಿರಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಅವನ ಒಪ್ಪವನ್ನೆಲ್ಲ ನಗುತ್ತಲೇ ಸಹಿಸಿದ್ದಳು. ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಅವನು ಚೀಟಿ ಅಂಟಿಸುತ್ತಿದ್ದ: ಸಕ್ಕರೆ, ತುಂಬಿದ್ದು ಇಂಥ ತಾರೀಕು. "ನನ್ನ ಹಣೆಗೂ ಒಂದು ಅಂಟಿಸಿಬಿಡಿ ರೀ, ಮನೆಗೆ ತಂದಿದ್ದು ಯಾವತ್ತು ಅಂತ" ಎನ್ನುತ್ತಿದ್ದಳು ಅವಳು. ಕಾಲು ಹೋದರೆ ಹೊಲಿಗೆಯಂತ್ರ ತುಳಿಯುವುದು ಹೇಗೆ ಎಂದೂ ಅವನು ಯೋಚಿಸಿದ್ದ. ಮೋಟಾರು ಕೂಡಿಸಿಕೊಡಬಹುದು. ಒಂದು ಕಾಲಿಗೆ ಅಷ್ಟು ಸಾಕು.

ಯೋಜನೆಯ ಚೆಲುವಿದ್ದದ್ದು ಅದರ ಸರಳತೆಯಲ್ಲಿ. ವಿಷ ಬೇಡ, ಚಾಕು ಬೇಡ. ಕೆಲಸ ಮಾಡದಿದ್ದರೆ ಸಾಕು, ಮಾಡಿದಂತೆ ಕಾಣಬೇಕು ಅಷ್ಟೇ. ಬ್ಯಾಂಡೇಜಿಗೆ ಎರಡು ಪದರ. ಗಾಯಕ್ಕೆ ಅಂಟಿ ಕೂರುವ ಒಳಗಿನ ಪ್ಯಾಡು, ಅದರ ಮೇಲೆ ಸುತ್ತುವ ಹೊರಗಿನ ಬಟ್ಟೆ. ಜನ ನೋಡುವುದು ಹೊರಗಿನದನ್ನು.

ನಾಲ್ಕನೇ ತಾರೀಕು ಬೆಳಗ್ಗೆ ಅವನು ಕೊನೆಯ ಸಲ ಗಾಯವನ್ನು ನೋಡಿದ. ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇನ್ನೆರಡು ವಾರದಲ್ಲಿ ಚರ್ಮ ಮುಚ್ಚಿಕೊಳ್ಳುವಂಥ ಗಾಯ, ತನ್ನದೇ ಕೈಚಳಕ. ಕಿಟಕಿಯ ಗಿಡದ ತಟ್ಟೆಯಲ್ಲಿ ನಿಂತಿದ್ದ ನೀರನ್ನು ಪ್ಯಾಡಿಗೆ ಹನಿಸಿದ, ಗಾಯದ ಮೇಲಿಟ್ಟ, ಅಂಟುಪಟ್ಟಿ ಎಳೆದು ಒತ್ತಿದ, ಪೆನ್ನನ್ನು ಜೇಬಿಗೆ ಸಿಕ್ಕಿಸಿದ, ಹೊರಬಟ್ಟೆ ಸುತ್ತಿದ.

ಅಂದಿನಿಂದ ದಿನಾ ಬೆಳಗ್ಗೆ ಎಂಟೂಕಾಲಿಗೆ ಒಂದು ಪ್ರದರ್ಶನ. ಅವಳ ಮಂಡಿಯ ಮೇಲೆ ಟವೆಲ್ಲಿನ ತಡಿಕೆ. ಅದರಾಚೆ ಅವನು ಪ್ಯಾಡಿನ ಪೊಟ್ಟಣ ಹರಿಯುತ್ತಿದ್ದ, ಸ್ಟೀಲಿನ ಬಟ್ಟಲಿಗೆ ಚಿಮಟ ತಾಗಿಸುತ್ತಿದ್ದ, ಔಷಧಿ ನೀರನ್ನು ಸದ್ದು ಬರುವಂತೆ ಎತ್ತರದಿಂದ ಸುರಿಯುತ್ತಿದ್ದ. ಹಳೆಯ ಹೊರಬಟ್ಟೆಯ ಮೇಲಿನ ಸುತ್ತುಗಳನ್ನಷ್ಟೇ ಬಿಚ್ಚುತ್ತಿದ್ದ; ತಳದ ಸುತ್ತನ್ನಾಗಲಿ ಅದರಡಿಯ ಒಳಗಿನ ಪ್ಯಾಡನ್ನಾಗಲಿ ಮುಟ್ಟುತ್ತಿರಲಿಲ್ಲ. ಹೊಸ ಹೊರಬಟ್ಟೆ ಸುತ್ತಿ, ಅಂಟುಪಟ್ಟಿಯ ಮೇಲೆ ಆ ದಿನದ ತಾರೀಕು ಬರೆದು ಸಹಿ ಹಾಕುತ್ತಿದ್ದ. ಆಮೇಲೆ ಗೋಡೆಯ ಮೇಲಿನ ಹಾಳೆಯಲ್ಲಿ ನಮೂದು: ಒಳಪ್ಯಾಡು ತೆಗೆದು, ಗಾಯ ಶುಚಿಗೊಳಿಸಿ, ಹೊಸದು ಇಡಲಾಯಿತು. ನಾಳೆ ಕೋರ್ಟು ಕೇಳಿದರೆ ಆ ಹಾಳೆ ತನ್ನ ಪರವಾಗಿ ಮಾತಾಡಬೇಕು.

"ಏನೂ ಗೊತ್ತಾಗ್ಲೇ ಇಲ್ಲ ನೋಡಿ. ಹೂ ಎತ್ತಿದ ಹಾಗೆ" ಎನ್ನುತ್ತಿದ್ದಳು ಹೆಂಡತಿ.

"ಅದಕ್ಕೇ ಕಣೇ ನನ್ನ ಮೇಷ್ಟ್ರು ಅನ್ನೋದು."

ಏಳನೇ ದಿನಕ್ಕೆ ಜ್ವರ ಕಾಣಿಸಿತು. ಮಾತ್ರೆ ಕೊಟ್ಟು ಇಳಿಸಿದ. ಹತ್ತನೇ ದಿನ ಅವಳ ತಂಗಿ ಬಂದು, ಕೋಣೆಯ ಬಾಗಿಲಲ್ಲೇ ಮೂಗು ಹಿಡಿದುಕೊಂಡಳು.

"ಭಾವ, ಇದೇನು ವಾಸನೆ? ಇಲಿ ಗಿಲಿ ಸತ್ತಿದ್ಯಾ?"

"ಮುಲಾಮಿಂದು. ದುಬಾರಿ ಮುಲಾಮು ಯಾವಾಗ್ಲೂ ಹೀಗೇ ನಾರುತ್ತೆ."

"ಅಕ್ಕ ಬಡವಾಗಿದಾಳೆ. ಆಸ್ಪತ್ರೆಗೊಂದ್ಸಲ ತೋರಿಸಿಬಿಡಿ ಭಾವ."

"ಸುಮ್ನಿರೇ" ಎಂದು ಹೆಂಡತಿಯೇ ತಂಗಿಯ ಬಾಯಿ ಮುಚ್ಚಿಸಿದಳು. "ಇಡೀ ಊರು ಇವರ ಕೈಗೆ ಕಾಲು ಕೊಡುತ್ತೆ. ನಿಂದೊಂದು ಅನುಮಾನ!"

ಇಷ್ಟು ನಂಬಿಕೆ ಇರುವ ಮನುಷ್ಯರಿಗೆ ಕೆಟ್ಟದ್ದಾಗದೆ ಇನ್ನೇನಾದೀತು ಎಂದುಕೊಂಡ.

ಹದಿನೆಂಟನೇ ತಾರೀಕು ಒಳಪ್ಯಾಡು ಬದಲಿಸಿ, ತಾನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕೆಂಬುದು ಅವನ ಲೆಕ್ಕ. ಆದರೆ ಹದಿನೇಳರ ಮಧ್ಯಾಹ್ನ, ಅವನು ಕೆಲಸದಲ್ಲಿದ್ದಾಗ, ಮತ್ತೆ ಬಂದ ತಂಗಿ ಅಕ್ಕ ಬಡಬಡಿಸುತ್ತಿರುವುದನ್ನು ಕಂಡು ಆಂಬುಲೆನ್ಸ್ ಕರೆಸಿಬಿಟ್ಟಳು. ತುರ್ತು ವಿಭಾಗಕ್ಕೆ ಅವನು ಓಡಿಬಂದಾಗ ಹೆಂಡತಿ ಆಗಲೇ ಹಸಿರು ಪರದೆಯ ಹಿಂದಿದ್ದಳು. ದಪ್ಪ ಕನ್ನಡಕದ ನರ್ಸು ಕೈಗವಸು ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಕ್ಕೆ ಅವನ ಕೈಯಲ್ಲಿ ಗೆಣ್ಣಿಗೆ ಏಟು ತಿಂದವಳೇ.

"ನಾನೇ ಬಿಚ್ತೀನಿ, ಬಿಡು" ಎಂದ.

"ಬೇಡಣ್ಣ. ಮನೆಯೋರಿಗೆ ನಾವು ಕೈ ಹಚ್ಚಬಾರದು ಅಂತ ನೀವೇ ಹೇಳ್ತಿದ್ರಲ್ಲ? ಹೊರಗೆ ಕೂತ್ಕೊಳ್ಳಿ. ನಾನಿದೀನಿ."

ಬೆಂಚಿನ ಮೇಲೆ ಕೂತು ಅವನು ಯೋಜನೆಯನ್ನು ಮತ್ತೊಮ್ಮೆ ತಡವಿ ನೋಡಿದ. ಒಳಪ್ಯಾಡು ಕೊಳೆತಿದೆ. ಇರಲಿ. ಒಂದೇ ದಿನದಲ್ಲಿ ಕೀವು ತುಂಬಿದ ಪ್ಯಾಡುಗಳನ್ನು ಅವನೇ ನೂರಾರು ಕಂಡಿದ್ದ. ಕೀವಿಗೆ ವಯಸ್ಸಿಲ್ಲ. ಕತ್ತರಿಸಿದ್ದೆಲ್ಲ ಹಳದಿ ಬಕೆಟ್ಟಿಗೆ ಬೀಳುತ್ತದೆ, ಬಕೆಟ್ಟು ನಾಲ್ಕು ಗಂಟೆಗೆ ಆಸ್ಪತ್ರೆಯ ಕಸ ಸುಡುವ ಕುಲುಮೆಗೆ ಹೋಗುತ್ತದೆ. ನಾಲ್ಕೂವರೆಗೆ ಚಿಮಣಿಯಿಂದ ಹೊಗೆ ಏಳುವುದನ್ನು ಕಣ್ಣಾರೆ ನೋಡಿಯೇ ಅವನು ಅಳಲು ಶುರುಮಾಡಿದ. ಮೂವರು ಬಂದು ಬೆನ್ನು ಸವರಿದರು.

ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಎಚ್ಚರವಾದಾಗ ಹೆಂಡತಿ ಮೊದಲು ಹೇಳಿದ್ದು, "ನೀವೆಷ್ಟು ಮಾಡಿದ್ರಿ, ಪಾಪ. ನನ್ನ ಹಣೆಬರಹ."

ಏಳು ತಿಂಗಳ ಮೇಲೆ ವಿಚಾರಣೆ. ಅಷ್ಟರಲ್ಲಿ ಅವನು ಮಳಿಗೆಗೆ ಮುಂಗಡ ಕೊಟ್ಟಾಗಿತ್ತು. ಹೆಂಡತಿ ಗಾಲಿಕುರ್ಚಿಯಲ್ಲಿ, ಮಡಿಸಿ ಪಿನ್ನು ಹಾಕಿದ ಸೀರೆಯ ಅಂಚನ್ನು ಸವರುತ್ತ ಕೂತಿದ್ದಳು, ಹಿಂದೆ ತಂಗಿ. ಗೋಡೆಯ ಹಾಳೆಯನ್ನು ವಕೀಲರು ನ್ಯಾಯಾಧೀಶರ ಕೈಗಿತ್ತರು. ಅವರು ಅದರ ಮುದ್ದಾದ ಅಕ್ಷರಗಳನ್ನು ತುಸು ಹೊತ್ತು ನೋಡಿದರು. ಕಂಪನಿಯ ಪರವಾಗಿ ಎದ್ದವಳು ಸಪೂರದ, ಶೀತ ಹಿಡಿದ ವಕೀಲೆ. ಲಾರಿ ಮುರಿದದ್ದು ಮೂಳೆಯನ್ನು ಮಾತ್ರ, ಕಾಲು ಹೋದದ್ದು ಆರೈಕೆ ಸಾಲದೆ ಎಂಬುದು ಅವಳ ವಾದ. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಅವನು ಅದಕ್ಕಾಗಿಯೇ ಕಾದಿದ್ದ.

"ಒಳಗಿನ ಪ್ಯಾಡನ್ನೂ ದಿನಾ ಬದಲಿಸ್ತಿದ್ರಾ?"

"ದಿನಾ. ಹಾಳೆಯಲ್ಲೇ ಇದೆ ನೋಡಿ."

"ಹದಿನೇಳನೇ ತಾರೀಕೂ?"

"ಅವತ್ತೂ. ಬೆಳಗ್ಗೆ ಎಂಟೂಕಾಲಿಗೆ."

"ತುರ್ತು ವಿಭಾಗದ ನರ್ಸು ನಿಮ್ಮ ಕೈಯಲ್ಲೇ ಪಳಗಿದವರಂತೆ. ಅವರ ಕೆಲಸ ನಂಬಬಹುದಾ?"

"ನಾನು ಕಲಿಸಿದೋರಲ್ಲಿ ಅವಳಷ್ಟು ಅಚ್ಚುಕಟ್ಟು ಇನ್ನೊಬ್ಬರಿಲ್ಲ" ಎಂದ ಅವನು, ಎದೆಯುಬ್ಬಿಸಿ.

ವಕೀಲೆ ಮೂಗೊರೆಸಿಕೊಂಡು, ಕಡತದಿಂದ ಹದಿನೇಳನೇ ತಾರೀಕಿನ ದಾಖಲಾತಿ ಹಾಳೆಯನ್ನೆಳೆದು ಮೊದಲ ಸಾಲನ್ನು ಓದಿದಳು. "ಹೊರಗಿನ ಸುತ್ತು ಬಿಚ್ಚಿ, ಒಳಪ್ಯಾಡಿಗೆ ಕತ್ತರಿ ಹಾಕುವ ಮುನ್ನ, ಹಳೆಯ ಬ್ಯಾಂಡೇಜಿನ ಮೇಲೆ ಕಂಡ ಬರಹ. ಹೊರಗಿನ ಅಂಟುಪಟ್ಟಿ: ಹದಿನೇಳನೇ ತಾರೀಕು, ಮೇಷ್ಟ್ರ ಸಹಿ. ಒಳಗಿನ ಪ್ಯಾಡಿನ ಅಂಟುಪಟ್ಟಿ: ನಾಲ್ಕನೇ ತಾರೀಕು, ಬೆಳಗ್ಗೆ ಎಂಟೂಕಾಲು, ಮೇಷ್ಟ್ರ ಸಹಿ." ಹಾಗೆ ಬರೆದ ನೆನಪೇ ಅವನಿಗಿರಲಿಲ್ಲ. ಇಪ್ಪತ್ತೆರಡು ವರ್ಷ ಪ್ಯಾಡು ಒತ್ತಿದ ಮರುಕ್ಷಣ ತಾರೀಕು ಬರೆದ ಕೈ, ಅವತ್ತೂ ಅವನನ್ನು ಕೇಳದೆ ಬರೆದು ಪೆನ್ನನ್ನು ಜೇಬಿಗೆ ಸಿಕ್ಕಿಸಿತ್ತು. ಕಣ್ಣು ಮೊದಲು, ಕತ್ತರಿ ಆಮೇಲೆ ಎಂದು ಗೆಣ್ಣಿಗೆ ಏಟು ತಿಂದು ಕಲಿತವಳು ಮೊದಲು ಅದನ್ನು ಓದಿ, ಬರೆದಿಟ್ಟು, ಆಮೇಲೆ ಕತ್ತರಿಸಿದ್ದಳು. ಅವನು ತಲೆಯೆತ್ತಿದ. ಗಾಲಿಕುರ್ಚಿಯಲ್ಲಿ ಹೆಂಡತಿ ತುಟಿ ಅಲುಗಿಸುತ್ತ, ಒಂದೊಂದೇ ಬೆರಳು ಮಡಿಸುತ್ತ, ನಾಲ್ಕರಿಂದ ಎಣಿಸಲು ಶುರುಮಾಡಿದ್ದಳು.