ಎಂಟನೇ ದಿನದ ವಜ್ರ

ನನ್ನ ಅಕ್ಕನಿಗೆ ಅನುಮಾನಪಡುವ ಗುಣವೇ ಇರಲಿಲ್ಲ.

ಅದಕ್ಕೇ ಆ ಮಧ್ಯಾಹ್ನ ನನ್ನ ಕುತ್ತಿಗೆಯ ಮೇಲೆ ಚಾಕು ಇತ್ತು!

ರಟ್ಟಿನ ಪೆಟ್ಟಿಗೆ ಕತ್ತರಿಸುವ ಚಾಕು. ಹೊಸ ಬ್ಲೇಡು. ಹಿಡಿದವನ ಹೆಸರು ಗೋಡೆ. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನೋಡಿದವರು ಇಟ್ಟದ್ದು.

"ಅಲ್ಲಾಡ್ಬೇಡ," ಎಂದ ಗೋಡೆ.

"ಸೀನು ಬಂದ್ರೆ?"

"ಸೀನ್ಬೇಡ."

ಎದುರಿಗೆ ಮೇಜು. ಮೇಜಿನ ಮೇಲೆ ಕಪ್ಪು ಬಟ್ಟೆ. ಬಟ್ಟೆಯ ಮೇಲೆ ನಾನು ತಂದ ಕಲ್ಲು. ಮೇಜಿನಾಚೆ ಡಿಸ್ಕೌಂಟ್.

ನೀವು ಮೊಬೈಲಿನಲ್ಲಿ ವಜ್ರ ಹುಡುಕುತ್ತಿದ್ದೀರಂತೆ. ಅದಕ್ಕೇ ಇಷ್ಟೆಲ್ಲ ಹೇಳುತ್ತಿದ್ದೇನೆ. ಸ್ವಲ್ಪ ಫೋನು ಕೆಳಗಿಡಿ.

ಡಿಸ್ಕೌಂಟ್ ವೆಬ್‌ಸೈಟಿನಲ್ಲಿ ವಜ್ರ ಮಾರುತ್ತಿದ್ದ. ಅಂಗಡಿಯಿಲ್ಲ, ಬೋರ್ಡಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯಲ್ಲಿ ಒಂದು ಉದ್ದನೆಯ ರೂಮು, ಅಷ್ಟೇ. ಕೆಳಗೆ ಯಂತ್ರ ಓಡಿದಾಗಲೆಲ್ಲ ನೆಲ ನಡುಗುತ್ತಿತ್ತು. ದೊಡ್ಡ ಬೆಲೆ ಬರೆದು, ಅಡ್ಡಗೆರೆ ಎಳೆದು, ಪಕ್ಕದಲ್ಲಿ ಅರ್ಧ ಬೆಲೆ ಬರೆಯುವುದು ಅವನ ಚಟ. ಹೆಸರು ಬಂದದ್ದು ಅಲ್ಲಿಂದ.

ಅವತ್ತು ಅವನು ಗಂಟುಮೂಟೆ ಕಟ್ಟುತ್ತಿದ್ದ. ಮಖಮಲ್ಲಿನ ಡಬ್ಬಿಗಳೆಲ್ಲ ಗೋಣಿಚೀಲ ಸೇರಿದ್ದವು. ಪೊಲೀಸರಿಗೆ ದೂರುಗಳು ಹೋಗಿದ್ದವು. ನೋಟಿನ ಕಂತೆ ಹೊತ್ತು ಗಡಿ ದಾಟಲು ಆಗುವುದಿಲ್ಲ. ಒಂದು ಕಲ್ಲಾದರೆ ಟೂತ್‌ಪೇಸ್ಟಿನ ಟ್ಯೂಬಿನೊಳಗೆ ಕೂರುತ್ತದೆ.

ನಾನು ಕಳ್ಳನ ವೇಷದಲ್ಲಿ ಹೋಗಿದ್ದೆ. ದೊಡ್ಡವರ ಮನೆಯಿಂದ ಎತ್ತಿದ ಮಾಲು, ಅರ್ಧ ಬೆಲೆಗೆ ಕೊಡುತ್ತೇನೆ ಎಂದಿದ್ದೆ. ಅರ್ಧ ಬೆಲೆ ಎಂದರೆ ಅವನ ಕಿವಿ ನಿಮಿರುತ್ತದೆ. ಜೀವಮಾನವಿಡೀ ಅದೇ ಮಾತಿನಿಂದ ಜನರನ್ನು ಹಿಡಿದವನು, ತಾನೂ ಅದಕ್ಕೇ ಸಿಕ್ಕಿದ.

"ಸರ್ಟಿಫಿಕೇಟ್ ಎಲ್ಲಿ?" ಎಂದ.

"ಕದ್ದ ಮಾಲಿಗೆ ರಸೀದಿ ಕೇಳ್ತೀಯಲ್ಲ ಅಣ್ಣ!"

ಗೋಡೆ ನಕ್ಕ. ಬ್ಲೇಡು ಕುತ್ತಿಗೆಗೆ ತಾಗಿತು.

"ನಗ್ಬೇಡ ಮಾರಾಯ," ಎಂದೆ. "ನೀನು ನಕ್ರೆ ನಾನು ಸಾಯ್ತೀನಿ."

ಮತ್ತೆ ಡಿಸ್ಕೌಂಟಿಗೆ ಹೇಳಿದೆ. "ನಿಂಗೆ ನಂಬಿಕೆ ಇಲ್ದಿದ್ರೆ ಹೊರಗೆ ತೋರ್ಸು. ನಿಂಗೂ ನಂಗೂ ಗೊತ್ತಿಲ್ಲದವರ ಹತ್ರ. ನಾನು ಕಾಯ್ತೀನಿ."

ಈ ಮಾತನ್ನು ಮನಸಾರೆ ಹೇಳಿದೆ. ನೆನಪಿಟ್ಟುಕೊಳ್ಳಿ.

"ಹೊರಗ್ಯಾಕೆ?" ಎಂದ ಡಿಸ್ಕೌಂಟ್. "ಮನೇಲೇ ಪರೀಕ್ಷಕ ಇದಾನೆ. ಲೇ ಕೋಟು! ಬಾರೋ ಇಲ್ಲಿ!"

ಒಳಗಿನಿಂದ ಬಿಳಿ ಕೋಟು ಹಾಕಿದ ತೆಳ್ಳನೆಯ ಮನುಷ್ಯ ಬಂದ. ಜೇಬಿನಲ್ಲಿ ಚಿಮುಟ. ಕುತ್ತಿಗೆಯಲ್ಲಿ ಭೂತಗನ್ನಡಿ.

ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಇವನೇ!

ಅಕ್ಕ ಟೈಲರ್. ಊರವರ ಮೈಗೆ ಬಟ್ಟೆ ಹೊಲಿದೇ ದುಡ್ಡು ಕೂಡಿಟ್ಟವಳು. ಅದನ್ನು ವಜ್ರ ಮಾಡಿಡುತ್ತೇನೆ ಎಂದಾಗ ನಾನು ನಕ್ಕಿದ್ದೆ.

"ನಗ್ಬೇಡ ಕಣೋ," ಎಂದಿದ್ದಳು. "ಕೈಯಲ್ಲಿ ಕಾಸಿದ್ರೆ ಕೇಳಿದವರಿಗೆ ಇಲ್ಲ ಅನ್ನೋಕೆ ನಂಗೆ ನಾಲಿಗೆ ಬರಲ್ಲ. ಕಲ್ಲಾಗಿ ಇಟ್ರೆ ಯಾರು ಸಾಲ ಕೇಳ್ತಾರೆ?"

ಡಿಸ್ಕೌಂಟಿನ ಸೈಟಿನಿಂದ ಫೋನಿನಲ್ಲೇ ತರಿಸಿದಳು. ಪರೀಕ್ಷೆ ಮಾಡಿಸಬೇಕು ಎಂಬುದೂ ಅವಳಿಗೆ ಹೊಳೆದಿತ್ತು. ಸೈಟಿನಲ್ಲಿ ಅದಕ್ಕೂ ಒಂದು ಬಟನ್ ಇತ್ತು. 'ಸ್ವತಂತ್ರ ಪರೀಕ್ಷಕರು. ಸಂಪೂರ್ಣ ಉಚಿತ.' ಒತ್ತಿದಳು. ಮಾಲು ಹಿಡಿಸದಿದ್ದರೆ ಏಳು ದಿನದೊಳಗೆ ವಾಪಸ್ ಕೊಡಬಹುದಿತ್ತು. ಪರೀಕ್ಷೆಗೆ ಡೇಟು ಸಿಕ್ಕಿದ್ದು ಎಂಟನೇ ದಿನ!

ಭಾವನ ಜೊತೆ ಹೋದಳು. ಈ ಕೋಟು ಕಲ್ಲಿಗೆ ವಜ್ರ ಪರೀಕ್ಷಿಸುವ ಪೆನ್ನು ಮುಟ್ಟಿಸಿದ. ಪೆನ್ನು ಕೀಂ ಎಂದಿತು. "ಪ್ಯೂರ್ ಅಮ್ಮಾ, ಪ್ಯೂರ್!" ಎಂದ. ಅಕ್ಕ ಅವನಿಗೆ ಕೈಮುಗಿದು ಬಂದಳು.

ಆಮೇಲೊಂದು ದಿನ ಅವಳಿಗೆ ಸೂಜಿಯ ಕಣ್ಣು ಕಾಣಲಿಲ್ಲ. ಕಣ್ಣೊಳಗಿನ ಪರದೆ ಹರಿಯುತ್ತಿದೆ, ತಕ್ಷಣ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅಕ್ಕ ಕಲ್ಲು ಮಾರಲು ಹೋದಳು. ಅಂಗಡಿಯವನು ಒಂದು ಸಲ ನೋಡಿ ನಕ್ಕುಬಿಟ್ಟ.

ನಾನು ನಂಬಲಿಲ್ಲ. ಕೊಳ್ಳದ, ಮಾರದ, ನೋಡಿ ಹೇಳುವುದನ್ನೇ ಕಸುಬು ಮಾಡಿಕೊಂಡ ಪರೀಕ್ಷಕಿಯೊಬ್ಬರನ್ನು ಹುಡುಕಿ ಒಯ್ದೆ. ಕಿಟಕಿಯ ಪಕ್ಕ ಮೇಜು, ಒಂದು ಮೈಕ್ರೋಸ್ಕೋಪು.

"ಇದನ್ನ ಕೊಂಡಿದ್ದು..." ಎಂದು ಬಾಯಿ ತೆರೆದೆ.

"ಬೆಲೆ ಹೇಳ್ಬೇಡಿ. ಬೆಲೆ ಕಿವಿಗೆ ಬಿದ್ರೆ ಕಣ್ಣು ಕೆಡುತ್ತೆ. ಮತ್ತೆ ಆ ಕುರ್ಚಿ ಇಲ್ಲೇ ಎಳ್ಕೊಳ್ಳಿ. ನಿಮ್ಮ ಕಲ್ಲು ನಿಮ್ಮ ಕಣ್ಣೆದುರಿಗೇ ಇರಬೇಕು."

ಕಲ್ಲನ್ನು ಓರೆ ಮಾಡಿ ನೋಡಿದರು. ನನಗೂ ತೋರಿಸಿದರು. ಒಳಗಿನ ಗೆರೆಗಳು ಒಂದೊಂದೂ ಎರಡೆರಡಾಗಿ ಕಾಣುತ್ತಿದ್ದವು, ಕುಡಿದವನ ಕಣ್ಣಿಗೆ ಕಂಡಂತೆ.

"ವಜ್ರದಲ್ಲಿ ಹೀಗೆ ಕಾಣಲ್ಲ. ಇದು ಮೊಯ್ಸನೈಟ್. ಫ್ಯಾಕ್ಟರಿಯಲ್ಲಿ ಮಾಡೋ ಬೇರೆ ಕಲ್ಲು."

"ಪೆನ್ನು ಕೀಂ ಅಂದಿತ್ತಂತೆ ಮೇಡಂ."

"ಹಳೇ ಪೆನ್ನು ಬರೀ ಶಾಖ ನೋಡುತ್ತೆ. ಇದಕ್ಕೂ ಕೀಂ ಅನ್ನುತ್ತೆ. ಆ ಪರೀಕ್ಷಕನ ಹತ್ರ ಕಳ್ಸಿದ್ದು ಯಾರು?"

"ಮಾರಿದವರೇ."

ಅವರು ಚಿಮುಟ ಕೆಳಗಿಟ್ಟರು. "ಮತ್ತೆ ಕಲ್ಲು ಯಾಕೆ ತಂದ್ರಿ? ಅಷ್ಟು ಹೇಳಿದ್ರೆ ಬಾಗಿಲಲ್ಲೇ ಹೇಳ್ತಿದ್ದೆ."

ಬೇರೆ ಕಡೆ ದುಡ್ಡಿಗೆ ಅಲೆಯುವಷ್ಟರಲ್ಲಿ ಅಕ್ಕನ ಎಡಗಣ್ಣು ಹೋಯಿತು. ಆಮೇಲೆ ಬಲಗಣ್ಣಿಗೂ ಅದೇ ಶುರುವಾಯಿತು. ಕಾದರೆ ಅದೂ ಹೋಗುತ್ತದೆ ಎಂದರು ಡಾಕ್ಟರು.

ಈಗ ಕಪ್ಪು ಬಟ್ಟೆಯ ಮೇಲೆ ಮಿನುಗುತ್ತಿದ್ದದ್ದು ಅದೇ ಕಲ್ಲು. ಗುರುತು ಸಿಗಬಾರದೆಂದು ಅಂಚಿನಲ್ಲಿ ಕೊರೆದಿದ್ದ ನಂಬರು ಮಾತ್ರ ಉಜ್ಜಿಸಿದ್ದೆ.

ಕೋಟು ಡ್ರಾಯರ್ ಎಳೆದ. ಅದರೊಳಗಿಂದ ಹೊಸ ಡಬ್ಬಿಯೊಂದನ್ನು ತೆಗೆದ.

ಹೊಸ ಪೆನ್ನು? ಹೊಸ ಪೆನ್ನುಗಳಿಗೆ ಮೊಯ್ಸನೈಟ್ ಗುರುತು ಸಿಗುತ್ತದೆ ಎಂದಿದ್ದರು ಆ ಪರೀಕ್ಷಕಿ! ನನ್ನ ಬೆವರು ಬ್ಲೇಡಿನ ಮೇಲೆ ಇಳಿಯಿತು...

ಡಬ್ಬಿ ಬಿಚ್ಚಿದ.

ಬ್ಯಾಟರಿ!

ಪೆನ್ನು ಹಳೆಯದೇ. ಹಿಡಿಗೆ ನೀಲಿ ಟೇಪು ಸುತ್ತಿತ್ತು. ಭಾವ ಹೇಳಿದ್ದ ಅದೇ ನೀಲಿ ಟೇಪು.

ಡಿಸ್ಕೌಂಟ್ ಅವನ ಕಾಲರ್ ಹಿಡಿದ. "ಗಿರಾಕಿಗಳಿಗೆ ಹೇಳೋದು ನಂಗೆ ಹೇಳ್ಬೇಡ. ನಂಗೆ ನಿಜ ಬೇಕು. ಗೊತ್ತಾಯ್ತಾ?"

ಕೋಟುವಿನ ಮುಖ ನೋಡಬೇಕಿತ್ತು ನೀವು. ಆ ರೂಮಿನಲ್ಲಿ ಯಾರೂ ಅವನನ್ನು ನಿಜ ಕೇಳಿರಲಿಲ್ಲ. ಕೀಂ ಎಂದಮೇಲೆ 'ಪ್ಯೂರ್' ಎನ್ನುವುದಷ್ಟೇ ಅವನ ನೌಕರಿ. ಕಲ್ಲು ನೋಡುವುದನ್ನು ಅವನು ಕಲಿತೇ ಇರಲಿಲ್ಲ. ಕಲಿಯುವ ಗರಜೂ ಬಿದ್ದಿರಲಿಲ್ಲ. ಗೊತ್ತಿಲ್ಲ ಎಂದರೆ ಗೋಡೆ ಪಕ್ಕದಲ್ಲೇ ಇದ್ದಾನೆ!

ಭೂತಗನ್ನಡಿ ಕಣ್ಣಿಗಿಟ್ಟ. ಕಣ್ಣು ಮುಚ್ಚಿಕೊಂಡಿತ್ತು. ನಾನು ನೋಡಿದೆ!

ಪೆನ್ನು ಮುಟ್ಟಿಸಿದ.

ಕೀಂ...

"ಪ್ಯೂರ್ ಅಣ್ಣಾ, ಪ್ಯೂರ್!"

"ಇನ್ನೊಂದ್ಸಲ ಹೇಳ್ತೀನಿ," ಎಂದೆ. "ಬೇರೆಯವರಿಗೆ ತೋರ್ಸಿ ತಗೋ."

"ಯಾಕೋ ನಿಂಗೆ ಅಷ್ಟು ಕಾಳಜಿ?"

"ಆಮೇಲೆ ನನ್ನ ಮೇಲೆ ಬರಬಾರದಲ್ಲ."

"ನಾಲ್ಕು ಜನಕ್ಕೆ ತೋರ್ಸಿ ಸಿಕ್ಕಿಬೀಳ್ಲಾ? ನಮ್ಮವನು ಹೇಳಿದಮೇಲೆ ಮುಗೀತು." ಕಲ್ಲನ್ನು ಎತ್ತಿ ಕೆನ್ನೆಯೊಳಗೆ ಇಟ್ಟುಕೊಂಡ. ನೋಟು ತುಂಬಿದ ಬ್ಯಾಗನ್ನು ನನ್ನ ಕಡೆ ತಳ್ಳಿದ. ಗೋಡೆ ಚಾಕು ಇಳಿಸಿದ.

ಕೆಳಗೆ ನನ್ನ ಹುಡುಗರಿದ್ದಾರೆ, ಕಿಟಕಿಯಲ್ಲಿ ಬ್ಯಾಗು ಕಾಣದಿದ್ದರೆ ನುಗ್ಗುತ್ತಾರೆ ಎಂದು ಮೊದಲೇ ಹೇಳಿದ್ದೆ. ಕಿಟಕಿಗೆ ಹೋಗಿ ಬ್ಯಾಗು ಎತ್ತಿ ತೋರಿಸಿದೆ. ಕೆಳಗಿದ್ದದ್ದು ಭಾವ ಒಬ್ಬರೇ. ಯಾರೂ ಗುರುತು ಹಿಡಿಯಬಾರದೆಂದು ಲಾರಿಯೊಳಗೆ ಹೆಲ್ಮೆಟ್ ಹಾಕಿಕೊಂಡು ಕೂತಿದ್ದರು.

ನನ್ನ ಅಸಲಿ ಕಸುಬು ಹೇಳಲಿಲ್ಲ ಅಲ್ಲವೇ? ಕಂತು ಕಟ್ಟದವರ ಕಾರುಗಳನ್ನು ಕೊಕ್ಕೆ ಹಾಕಿ ಎಳೆದೊಯ್ಯುವುದು. ಡಿಸ್ಕೌಂಟಿನ ಕಾರೂ ನನ್ನ ಪಟ್ಟಿಗೆ ಬಂದಿತ್ತು. ಅದನ್ನು ಹುಡುಕುತ್ತ ಹೋಗಿಯೇ ಅವನು ಊರು ಬಿಡುವುದನ್ನು ಪತ್ತೆ ಮಾಡಿದ್ದು.

ಮೆಟ್ಟಿಲಿನ ತಿರುವಿನಲ್ಲಿ ಹಿಂದಿನಿಂದ ಗೋಡೆ ಬಂದ. ಬರುತ್ತಾನೆಂದು ಗೊತ್ತಿತ್ತು. ದುಡ್ಡು ಕೊಟ್ಟು ಸುಮ್ಮನೆ ಕಳಿಸುವ ಜನ ಅಲ್ಲ ಅವರು.

"ಬ್ಯಾಗ್ ಕೊಡು!"

"ತಗೋ!" ಎಂದು ಬ್ಯಾಗಿನಿಂದಲೇ ಮುಖಕ್ಕೆ ಬೀಸಿದೆ. ಅವನ ಮುಷ್ಟಿ ನನ್ನ ದವಡೆಗೆ ಬಿತ್ತು. ಬಾಯಲ್ಲಿ ಏನೋ ಕಳಚಿತು. ಉರುಳಿಕೊಂಡೇ ಪ್ರೆಸ್ಸಿನೊಳಗೆ ಬಿದ್ದೆ. ಕಾಲಿಗೆ ಮಸಿಯ ಡಬ್ಬ ಸಿಕ್ಕಿತು. ಒದ್ದೆ! ಕರೀ ಮಸಿ ನೆಲದ ತುಂಬ ಹರಿಯಿತು. ಗೋಡೆ ಅದರ ಮೇಲೆ ಕಾಲಿಟ್ಟ...

ಗೋಡೆ ಬಿದ್ದರೆ ಎಷ್ಟು ಸದ್ದಾಗುತ್ತದೆ, ಕೇಳಬೇಕು!

ಬೀದಿಗೆ ಓಡಿದೆ. ಡಿಸ್ಕೌಂಟಿನ ಕಾರಿನ ಮೂತಿ ಆಗಲೇ ಕೊಕ್ಕೆಗೆ ಸಿಕ್ಕಿ ಮೇಲೆದ್ದಿತ್ತು. ಭಾವ ಕೆಲಸ ಮುಗಿಸಿದ್ದರು.

"ಭಾವ, ಬಿಡಿ ಗಾಡಿ!"

"ಒಂದ್ ಚಪ್ಪಲಿ ಕೆಳಗೆ ಬಿದ್ದಿದೆ ಕಣೋ..."

"ಚಪ್ಪಲಿ ಹಾಳಾಗ್ಲಿ! ಬಿಡಿ!"

ಡಿಸ್ಕೌಂಟ್ ಓಡಿಬಂದು ಕಾರಿನ ಬಾಗಿಲಿನ ಹಿಡಿಗೆ ಜೋತುಬಿದ್ದ. ಕೆನ್ನೆಯಲ್ಲಿ ಕಲ್ಲು, ಮಾತು ಸ್ಪಷ್ಟವಿಲ್ಲ. "ನನ್ ಕಾಉ! ನನ್ ಕಾಉ!"

ಭಾವ ಹೆಲ್ಮೆಟ್ಟಿನೊಳಗಿಂದಲೇ ವಿನಯವಾಗಿ ಹೇಳಿದರು. "ಕಂತು ಕಟ್ಟಿಲ್ಲ ಸಾರ್. ಆಫೀಸಿಗೆ ಬನ್ನಿ."

ಲಾರಿ ಜಿಗಿಯಿತು. ಅವನು ಉದುರಿದ.

ಕನ್ನಡಿಯಲ್ಲಿ ನೋಡಿದೆ. ಅವರ ಪಾರ್ಸೆಲ್ ಹಂಚುವ ಸ್ಕೂಟರು ಹಿಂದೆ ಬರುತ್ತಿತ್ತು! ಮುಂದೆ ಡಿಸ್ಕೌಂಟ್, ನಡುವೆ ಕೋಟು, ಹಿಂದೆ ಮಸಿ ಮೆತ್ತಿಕೊಂಡ ಗೋಡೆ. ಭಾವ ತರಕಾರಿ ಮಾರ್ಕೆಟ್ಟಿನ ಸಂದಿಗೆ ತಿರುಗಿಸಿದರು. ಗಾಡಿ ರಿವರ್ಸ್ ಮಾಡಲು ಬಾರದ ಮನುಷ್ಯ, ಮುಂದಕ್ಕಾದರೆ ಯಾರ ಮಾತೂ ಕೇಳುವುದಿಲ್ಲ. ಟೊಮೆಟೊ ಬುಟ್ಟಿ ಹಾರಿತು. ಬೈಗುಳ ಹಾರಿದವು. ಸ್ಕೂಟರು ಹತ್ತಿರ ಬಂತು... ಇನ್ನೂ ಹತ್ತಿರ... ಗೋಡೆ ಕೈ ಚಾಚಿದ...

ವೃತ್ತದಲ್ಲಿ ಟ್ರಾಫಿಕ್ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ನಮಗಲ್ಲ. ಸ್ಕೂಟರಿಗೆ. ಮೂರು ಜನ, ಒಂದೂ ಹೆಲ್ಮೆಟ್ಟಿಲ್ಲ!

"ಹೆಸರೇನ್ರೀ?" ಎಂದು ಅವನು ಕೇಳಿದ್ದು ನಮಗೂ ಕೇಳಿಸಿತು.

ಬಾಯಲ್ಲಿ ಕಲ್ಲಿಟ್ಟುಕೊಂಡವನು ಏನು ಹೇಳುತ್ತಾನೆ? ಸ್ಕೂಟರನ್ನು ಅಲ್ಲೇ ಬಿಟ್ಟು ಜನರೊಳಗೆ ನುಸುಳಿ ಓಡಿದ. ಹಿಂದೆ ಕೋಟು ಓಡಿದ. ಗೋಡೆಗೆ ನುಸುಳಲು ಆಗಲಿಲ್ಲ. ಅವನು ಅಲ್ಲೇ ಸಿಕ್ಕಿದ.

ಅಕ್ಕನ ಬಲಗಣ್ಣಿನ ಆಪರೇಷನ್ ಮರುದಿನವೇ ಆಯಿತು.

ಪಟ್ಟಿ ಬಿಚ್ಚುವ ದಿನ ಡಿಸ್ಕೌಂಟಿನ ಫೋನು ಬಂದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕನಿಗೆ ಕಾಯುತ್ತ ಕೂತಿದ್ದೆ. ಕಲ್ಲು ಮಾರುವಾಗ ಕೊಟ್ಟಿದ್ದ ನಂಬರನ್ನು ಬೇಕೆಂದೇ ಇಟ್ಟುಕೊಂಡಿದ್ದೆ. ಈ ಫೋನು ಬರಲಿ ಎಂದೇ.

"ಲೇ! ಇಲ್ಲಿ ಒಬ್ಬನಿಗೆ ತೋರ್ಸಿದೆ. ನಕ್ಬಿಟ್ಟ! ವಜ್ರ ಅಲ್ವಂತೆ!"

"ಅಲ್ಲ. ಮೊಯ್ಸನೈಟ್. ನಿನ್ನ ಸೈಟಿನಲ್ಲೇ ಕೊಂಡಿದ್ದು. ನಿನ್ನ ಪರೀಕ್ಷಕನೇ ಪಾಸ್ ಮಾಡಿದ್ದು. ಎರಡು ಸಲ."



"ಯಾರೋ ನೀನು?"

"ಒಬ್ಬ ಟೈಲರಮ್ಮ ನಿನ್ನ ಕೋಟುಗೆ ಕೈಮುಗಿದು ಬಂದಿದ್ಳು. ಅವಳ ತಮ್ಮ."

"ವಾಪಸ್ ತಗೋ! ನನ್ನ ದುಡ್ಡು ವಾಪಸ್ ಕೊಡು! ನಂಗೆ ಈಗ ಏನೂ ಇಲ್ಲ ಕಣೋ, ಏನೂ ಇಲ್ಲ!"

"ಕೊಂಡು ಎಷ್ಟು ದಿನ ಆಯ್ತು?"

ಎಣಿಸಿದ. ನಿಜವಾಗಿಯೂ ಎಣಿಸಿದ! "ಎಂಟು..."

"ಅಯ್ಯೋ. ಏಳು ದಿನದೊಳಗೆ ಬರಬೇಕಿತ್ತು ಅಣ್ಣ."

ಫೋನು ಇಟ್ಟೆ.

ಬಾಗಿಲು ತೆರೆಯಿತು. ಭಾವನ ಕೈ ಹಿಡಿದು ಅಕ್ಕ ಬಂದಳು. ಬಲಗಣ್ಣಿನ ಪಟ್ಟಿ ಬಿಚ್ಚಿದ್ದರು. ನನ್ನ ಮುಖವನ್ನೇ ದಿಟ್ಟಿಸಿದಳು.

"ನಿನ್ನ ಹಲ್ಲೆಲ್ಲಿ ಹೋದ್ವೋ?" ಎಂದಳು.

ಕಂಡಿತು!

ನಿಮಗೆ ಲೆಕ್ಕ ಬೇಕಾದರೆ ಇಷ್ಟು. ಹೋದದ್ದು ಭಾವನ ಒಂದು ಚಪ್ಪಲಿ, ನನ್ನ ಎರಡು ಹಲ್ಲು, ಅಕ್ಕನ ಒಂದು ಕಣ್ಣು.